ಮೊಮ್ಮಗಳ ಹೈಸ್ಕೂಲ್ ಪದವಿ ಸಮಾರಂಭ: ಹಾಸನದಿಂದ ನೋಡಲು ಹೋಗುವವರು ಏನೇನು ತಿಳಿದಿರಬೇಕು?

ಪ್ರಶ್ನೆ: ಹಾಸನದ ಗಣಿತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಆಲೂರು ಮತ್ತು ಹಾಸನ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಈಗ ಹಾಸನದಲ್ಲೇ ಹೆಂಡತಿಯೊಂದಿಗೆ ಇದ್ದೇನೆ. ಮಗನ ಸಂಸಾರ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಸಮೀಪದಲ್ಲಿದೆ. ಮೊಮ್ಮಗಳು ಬರುವ ಮೇ ತಿಂಗಳ ಕೊನೆಯ ವಾರದಲ್ಲಿ ಹೈಸ್ಕೂಲ್ ಮುಗಿಸುತ್ತಾಳೆ. ಅಲ್ಲಿ ಹೈಸ್ಕೂಲ್ ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ನಮ್ಮ ಲೆಕ್ಕದಲ್ಲಿ ದ್ವಿತೀಯ ಪಿಯುಸಿ ಮುಗಿದ ಹಾಗೆ. ಕಳೆದ ಭಾನುವಾರ ಫೋನಿನಲ್ಲಿ ಅವಳು, "ತಾತ, ಅಜ್ಜಿ, ನನ್ನ ಹೆಸರು ಕರೆಯುವಾಗ ನೀವಿಬ್ಬರೂ ಅಲ್ಲಿ ಕೂತಿರಬೇಕು" ಎಂದಳು. ಅಂದಿನಿಂದ ಮನಸ್ಸು ಬೇರೆ ಯಾವುದರಲ್ಲೂ ನಿಲ್ಲುತ್ತಿಲ್ಲ.

ನನ್ನ ಅಳುಕಿನ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಮಾರಂಭವನ್ನು ನಾನು ಎಂದೂ ನೋಡುಗರ ಸಾಲಿನಲ್ಲಿ ಕುಳಿತು ನೋಡಿದವನಲ್ಲ. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳ ಬೀಳ್ಕೊಡುಗೆ ನಡೆಯುತ್ತಿದ್ದುದು ಪರೀಕ್ಷೆಗೆ ಮೊದಲು. ಸರಸ್ವತಿಯ ಪಟದ ಮುಂದೆ ಪ್ರವೇಶಪತ್ರಗಳ ಕಟ್ಟನ್ನಿಟ್ಟು ಪೂಜೆ ಮಾಡಿ, ಒಂಬತ್ತನೆಯ ತರಗತಿಯವರ ಕೈಗೆ ಹತ್ತನೆಯವರು ಉರಿಯುವ ದೀಪ ಕೊಟ್ಟು, ಶಾಲೆಗೆ ಒಂದು ಗೋಡೆ ಗಡಿಯಾರವನ್ನೋ ಧ್ವನಿವರ್ಧಕವನ್ನೋ ನೆನಪಿನ ಕಾಣಿಕೆಯಾಗಿ ಒಪ್ಪಿಸಿ, ಕೇಸರಿಬಾತು ತಿಂದು, ಗುಂಪು ಫೋಟೊ ತೆಗೆಸಿಕೊಂಡರೆ ಮುಗಿಯಿತು. ವೇದಿಕೆಯ ಮೇಲೆ ನಾವು, ಕೆಳಗೆ ಮಕ್ಕಳು. ತಂದೆತಾಯಿಗಳಿಗೆ ಆಹ್ವಾನವೇ ಇರುತ್ತಿರಲಿಲ್ಲ. ಅಡುಗೆಕೋಣೆಯ ಬಾಗಿಲಲ್ಲಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತು ನೋಡುತ್ತಿದ್ದ ಬಿಸಿಯೂಟದ ಅಡುಗೆಯವರಷ್ಟೇ ನಮ್ಮ ಪ್ರೇಕ್ಷಕರು. ಫಲಿತಾಂಶ ಬಂದ ಮೇಲೆ ಮಗು ಒಂಟಿಯಾಗಿ ಬಂದು, ಕಚೇರಿಯಲ್ಲಿ ಪುಸ್ತಕಕ್ಕೆ ಸಹಿ ಹಾಕಿ, ಟಿ.ಸಿ. ಮತ್ತು ಅಂಕಪಟ್ಟಿ ತೆಗೆದುಕೊಂಡು ಹೋಗುತ್ತಿತ್ತು. 2019ರಲ್ಲಿ ನಮ್ಮ ಹಾಸನ ಜಿಲ್ಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಾಗಲೂ ನಮ್ಮ ಮಕ್ಕಳು ಹೀಗೆಯೇ ಬಂದು ಹೀಗೆಯೇ ಹೋದರು. ತೇರ್ಗಡೆಯಾದ ಮಗುವಿನ ಹೆಸರನ್ನು ಹೆತ್ತವರ ಎದುರಿನಲ್ಲಿ ಗಟ್ಟಿಯಾಗಿ ಕರೆಯುವ ಕೆಲಸವನ್ನು 31 ವರ್ಷಗಳಲ್ಲಿ ನಾನು ಒಮ್ಮೆಯೂ ಮಾಡಲಿಲ್ಲವಲ್ಲ ಎಂಬುದು ಈಗ ಹೊಳೆದು ಸಂಕಟವಾಗುತ್ತದೆ.

ಇನ್ನು ನನ್ನ ಸಂದೇಹಗಳು. ಮಗನ ಮನೆಗೆ ಟಿಕೆಟ್ ಇಂತಿಷ್ಟೇ ಎಂದು ಸಿಗುತ್ತದಂತೆ. ಶಾಲೆಯ ಕಾರ್ಯಕ್ರಮಕ್ಕೆ ಟಿಕೆಟ್ ಏಕೆ ಎಂಬುದೇ ನನಗೆ ತಿಳಿಯದು. ನನ್ನ ಹೆಂಡತಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಆಕೆ ಮೈಸೂರು ರೇಷ್ಮೆ ಸೀರೆಯುಟ್ಟು ಹೋಗಬಹುದೇ? ಮೊಮ್ಮಗಳಿಗೆ ಅಲ್ಲಿಯೇ ಶಾಲು ಹೊದಿಸಿ, ಹಾರ ಹಾಕಿ, ಪೇಟ ತೊಡಿಸುವ ಆಸೆ ನನ್ನದು. ಅದು ಅಲ್ಲಿನವರಿಗೆ ಅಭಾಸವಾಗುತ್ತದೆಯೇ? ಇನ್ನೊಂದು ವಿಷಯ ಸಣ್ಣದೆಂದು ತೋರಿದರೂ ನನಗೆ ದೊಡ್ಡದು. ನಮ್ಮಲ್ಲಿ ಮನೆತನದ ಹೆಸರಿಲ್ಲದ ಕಾರಣ ಮಗ ಪಾಸ್‌ಪೋರ್ಟ್ ಮಾಡಿಸುವಾಗ ನಮ್ಮ ಊರಿನ ಹೆಸರನ್ನೇ ಕೊನೆಯ ಹೆಸರಾಗಿ ಬರೆಸಿದ್ದ. ಅದು 'ಹಳ್ಳಿ' ಎಂದು ಮುಗಿಯುತ್ತದೆ. ಆ ಳಕಾರವನ್ನು ಅಲ್ಲಿನವರು ಹೇಗೆ ಉಚ್ಚರಿಸಿಯಾರು? ಎರಡು ಗಂಟೆಯ ಕಾರ್ಯಕ್ರಮಕ್ಕಾಗಿ 20 ಗಂಟೆಗೂ ಹೆಚ್ಚಿನ ಪ್ರಯಾಣ ಈ ವಯಸ್ಸಿನಲ್ಲಿ ಸರಿಯೇ, ಅಥವಾ ಮನೆಯಲ್ಲಿಯೇ ಕುಳಿತು ನೇರಪ್ರಸಾರ ನೋಡಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.


ಉತ್ತರ: ಕೊಪ್ಪದ ತೋಟದಮನೆ

ಮೇಷ್ಟ್ರೇ, ಹಿಂದೆಮುಂದೆ ನೋಡದೆ ಹೊರಡಿ. 2022ರ ಜೂನ್ ತಿಂಗಳಲ್ಲಿ ನಾನು ಮಗಳ ಮಗನ ಸಮಾರಂಭಕ್ಕೆಂದು ಚಿಕ್ಕಮಗಳೂರು ಜಿಲ್ಲೆಯ ನಮ್ಮ ಕೊಪ್ಪದಿಂದ ನ್ಯೂಜೆರ್ಸಿಗೆ ಹೋಗಿದ್ದೆ. ಅದು ಒಳಾಂಗಣದಲ್ಲಿ ಇರಲಿಲ್ಲ, ಶಾಲೆಯ ಫುಟ್‌ಬಾಲ್ ಮೈದಾನದಲ್ಲಿ ನಡೆಯಿತು. ಜನ ಕೂರುವುದಕ್ಕೆ ಸರ್ಕಸ್ ಡೇರೆಯ ಗ್ಯಾಲರಿಯಂತೆ ಒಂದರ ಮೇಲೊಂದು ಅಲ್ಯೂಮಿನಿಯಂ ಹಲಗೆಗಳು; ಬೆನ್ನಿಗೆ ಆನಿಕೆಯಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕಾದು ಕೈ ಇಡುವ ಹಾಗಿರಲಿಲ್ಲ. ಅಳಿಯ ಮುಂದಾಲೋಚನೆಯಿಂದ ದಪ್ಪನೆಯ ಟವೆಲ್ ತಂದು ನಾಲ್ಕು ಮಡಿಕೆ ಮಾಡಿ ಹಾಸಿದ್ದರಿಂದ ನಾನು ಕುಳಿತುಕೊಳ್ಳಲು ಸಾಧ್ಯವಾಯಿತು. ನಿಮ್ಮ ಮೊಮ್ಮಗಳ ಕಾರ್ಯಕ್ರಮ ಬಯಲಿನಲ್ಲೋ ಒಳಗೋ ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಿ ತಿಳಿದುಕೊಳ್ಳಿ.

ಬಾಗಿಲಿನಲ್ಲಿ ನನ್ನ ವ್ಯಾನಿಟಿ ಬ್ಯಾಗನ್ನು ಒಳಗೆ ಬಿಡಲಿಲ್ಲ. ಒಳಗಿನದೆಲ್ಲ ಹೊರಗೆ ಕಾಣುವಂಥ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನಷ್ಟೇ ತರಬೇಕೆಂಬ ನಿಯಮ ನನಗೆ ಗೊತ್ತಿರಲಿಲ್ಲ. ಅಳಿಯ ಚೀಲವನ್ನು ಕಾರಿನಲ್ಲಿ ಇಟ್ಟುಬರಲು ಓಡಿದರು. ನಾನು ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ನೀರಿನ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತೆ. ನಿಮ್ಮ ಮನೆಯವರಿಗೆ ಈ ತೊಂದರೆ ಆಗದಿರಲಿ ಎಂದು ಹೇಳುತ್ತಿದ್ದೇನೆ.

ಮಕ್ಕಳು ಮೈದಾನಕ್ಕೆ ನಡೆದುಬಂದಾಗ ಎಲ್ಲರ ಮೈಮೇಲೂ ಒಂದೇ ನೀಲಿ ನಿಲುವಂಗಿ, ತಲೆಯ ಮೇಲೆ ಒಂದೇ ಚೌಕ ಟೋಪಿ. ನಮ್ಮ ಹುಡುಗ ಯಾವನೆಂದು ತಿಳಿಯದೆ ನನಗೆ ಗಾಬರಿಯಾಯಿತು. ಆಗ ಮಗಳು, "ಅಮ್ಮ, ಮುಖ ಹುಡುಕಬೇಡ, ಟೋಪಿಗಳ ಮೇಲ್ಭಾಗ ನೋಡು" ಎಂದಳು. ನೂರಾರು ನೀಲಿ ಚೌಕಗಳ ನಡುವೆ ಒಂದರ ಮೇಲೆ ಹಸಿರು ಕೊಂಬೆ, ಕೊಂಬೆಯ ಉದ್ದಕ್ಕೂ ಕೆಂಪು ಕಾಫಿ ಹಣ್ಣು. ಹಿಂದಿನ ರಾತ್ರಿ ತಾನೇ ಬಣ್ಣ ಬಳಿದು ಬರೆದುಕೊಂಡಿದ್ದನಂತೆ, ನನಗೆ ಹೇಳಿರಲಿಲ್ಲ. ಅಲ್ಲಿಂದ ಮುಂದೆ ಕಾರ್ಯಕ್ರಮ ಮುಗಿಯುವವರೆಗೂ ನನ್ನ ಕಣ್ಣು ಆ ಕೊಂಬೆಯನ್ನು ಬಿಟ್ಟು ಅಲ್ಲಾಡಲಿಲ್ಲ. ಟೋಪಿ ಅಲಂಕರಿಸಲು ಎಲ್ಲ ಶಾಲೆಗಳೂ ಒಪ್ಪುವುದಿಲ್ಲ. ಒಪ್ಪುವುದಾದರೆ ಮೊಮ್ಮಗಳಿಗೆ ಈ ಉಪಾಯ ಹೇಳಿ.

ಹಾರದ ಬಗ್ಗೆ ಸಂಕೋಚ ಬೇಡ. ಹವಾಯಿ ದ್ವೀಪಗಳಲ್ಲಿ ಪದವಿ ಪಡೆದವರ ಕೊರಳಿಗೆ ಹೂಮಾಲೆ ಹಾಕುವುದು ರೂಢಿ, ಅದು ಅಮೆರಿಕದ ಬೇರೆ ಕಡೆಗಳಿಗೂ ಹಬ್ಬಿದೆ. ಕಾರ್ಯಕ್ರಮ ಮುಗಿದು ಎಲ್ಲರೂ ಹುಲ್ಲುಹಾಸಿನ ಮೇಲೆ ಸೇರಿದಾಗ ಕೆಲವು ಮಕ್ಕಳ ಕೊರಳಲ್ಲಿ ಮಾಲೆ ಇದ್ದುದನ್ನು ನಾನೇ ಕಂಡೆ. ಆದರೆ ಹೂವನ್ನು ಇಲ್ಲಿಂದ ಒಯ್ಯಬೇಡಿ. ಹೂವು, ಹಣ್ಣು, ಬೀಜ, ಗಿಡ ಏನಿದ್ದರೂ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು, ತಪಾಸಣೆಯಲ್ಲಿ ಕಿತ್ತುಕೊಂಡರೆ ಮನಸ್ಸಿಗೆ ನೋವು. ಹೂವನ್ನು ಅಲ್ಲಿಯೇ ಕೊಂಡು ಕಟ್ಟಿ. ಶಾಲು, ಪೇಟಗಳನ್ನು ಮನೆಗೆ ಬಂದ ಮೇಲೆ, ದೇವರ ಮುಂದೆ ದೀಪ ಹಚ್ಚಿ ಮಾಡಿದರೆ ಚೆನ್ನ.


ಉತ್ತರ: ಸಕಲೇಶಪುರದ ಮಗಳು, ಈಗ ಹ್ಯೂಸ್ಟನ್

ಮೇಷ್ಟ್ರಿಗೆ ನಮಸ್ಕಾರಗಳು. ನನ್ನ ಮಗ ಎರಡು ವರ್ಷದ ಹಿಂದೆ ಟೆಕ್ಸಾಸಿನಲ್ಲಿಯೇ ಹೈಸ್ಕೂಲ್ ಮುಗಿಸಿದ್ದರಿಂದ ಕೆಲವು ವಿವರಗಳನ್ನು ಖಚಿತವಾಗಿ ಹೇಳಬಲ್ಲೆ.

ಟಿಕೆಟ್ ಎಂದರೆ ಹಣ ಕೊಟ್ಟು ಕೊಳ್ಳುವ ಟಿಕೆಟ್ ಎಂದು ತಿಳಿಯಬೇಡಿ. ಇಲ್ಲಿನ ದೊಡ್ಡ ಶಾಲೆಗಳಲ್ಲಿ ಒಂದು ವರ್ಷಕ್ಕೆ ಐನೂರು, ಆರುನೂರು, ಅದಕ್ಕಿಂತಲೂ ಹೆಚ್ಚು ಮಕ್ಕಳು ಹೊರಬರುತ್ತಾರೆ. ಅಷ್ಟು ಮಕ್ಕಳ ಬಂಧುಗಳಿಗೆ ಶಾಲೆಯ ಸಭಾಂಗಣ ಸಾಲದೆ ಹೊರಗಿನ ಕ್ರೀಡಾಂಗಣವನ್ನು ಗೊತ್ತುಮಾಡಿ, ಆಸನಗಳ ಲೆಕ್ಕಕ್ಕೆ ತಕ್ಕಂತೆ ಮನೆಗೆ ಇಷ್ಟು ಎಂದು ಹಂಚುತ್ತಾರೆ. ಸಂಬಂಧಿಕರು ಕಡಿಮೆ ಇರುವ ಮನೆಗಳವರು ಮಿಕ್ಕ ಟಿಕೆಟ್ಟನ್ನು ಬೇರೆಯವರಿಗೆ ಕೊಡುವುದು ಸಾಮಾನ್ಯ. ಮೊಮ್ಮಗಳು ಸ್ನೇಹಿತರನ್ನು ಈಗಲೇ ಕೇಳಿಟ್ಟರೆ ನಿಮ್ಮಿಬ್ಬರಿಗೂ ಜಾಗವಾಗುತ್ತದೆ. ಅಮ್ಮನವರ ಮಂಡಿ ನೋವಿನ ವಿಷಯವನ್ನು ಮಗನಿಂದ ಶಾಲೆಗೆ ಮೊದಲೇ ಬರೆಸಿರಿ. ಅಂಗವೈಕಲ್ಯವುಳ್ಳವರಿಗೆ, ನಡೆಯಲು ಕಷ್ಟವಿರುವವರಿಗೆ ಮೆಟ್ಟಿಲಿಲ್ಲದ ಆಸನ ಒದಗಿಸಬೇಕೆಂದು ಇಲ್ಲಿ 1990ರಿಂದ ಕಾನೂನೇ ಇದೆ. ಕೇಳುವುದಕ್ಕೆ ನಾಚಿಕೆ ಪಡಬೇಕಿಲ್ಲ, ಪಕ್ಕದಲ್ಲಿ ನೀವೂ ಕೂರಬಹುದು. ರೇಷ್ಮೆ ಸೀರೆ ಖಂಡಿತ ಉಡಲಿ. ಒಳಾಂಗಣದಲ್ಲಿ ಎ.ಸಿ. ಚಳಿ ಕೊರೆಯುತ್ತದೆ, ಮೇಲೊಂದು ಶಾಲು ಇರಲಿ. ಪಾರದರ್ಶಕ ಚೀಲದ ನಿಯಮ ಇಲ್ಲಿಯೂ ಇದೆ. ಹಲವು ಕಡೆ 12 ಅಂಗುಲ ಉದ್ದ, 12 ಅಂಗುಲ ಎತ್ತರ, 6 ಅಂಗುಲ ದಪ್ಪದ ಮಿತಿ ಇಟ್ಟಿರುತ್ತಾರೆ.

ಮೊದಲಿಗೆ ಮೆರವಣಿಗೆಯ ವಾದ್ಯ ಕೇಳಿಸುತ್ತದೆ. ಅದು ಇಂಗ್ಲೆಂಡಿನ ಎಡ್ವರ್ಡ್ ಎಲ್ಗರ್ 1901ರಲ್ಲಿ ರಚಿಸಿದ ನಡಿಗೆಯ ಸಂಗೀತ. 1905ರಲ್ಲಿ ಯೇಲ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಾಗ ಅಲ್ಲಿ ನುಡಿಸಿದರು, ಅಲ್ಲಿಂದ ಅಮೆರಿಕದ ಪದವಿ ಸಮಾರಂಭಗಳಿಗೆಲ್ಲ ಅದೇ ಅಂಟಿಕೊಂಡಿತು. ಅದು ಕಿವಿಗೆ ಬಿದ್ದ ಕೂಡಲೇ ಕ್ಯಾಮೆರಾ ಸಿದ್ಧವಾಗಿರಲಿ. ಮಕ್ಕಳು ಇಬ್ಬಿಬ್ಬರಾಗಿ ನಡೆದುಬರುವಾಗಲೇ ನಿಮಗೆ ಮುಖ ಹತ್ತಿರದಿಂದ ಸಿಗುವುದು. ರಾಷ್ಟ್ರಗೀತೆಗೆ ಎಲ್ಲರೂ ಏಳುತ್ತಾರೆ, ನೀವೂ ಎದ್ದು ಸುಮ್ಮನೆ ನಿಂತರೆ ಸಾಕು. ಭಾಷಣಗಳಲ್ಲಿ ತರಗತಿಗೆ ಮೊದಲ ಸ್ಥಾನ ಪಡೆದ ವಿದ್ಯಾರ್ಥಿಯ ಭಾಷಣವನ್ನು ಗಮನವಿಟ್ಟು ಕೇಳಿ, ಮಿಕ್ಕವು ಬೇಗ ಮುಗಿಯುತ್ತವೆ.

ಆಮೇಲೆ ಹೆಸರುಗಳು. ಗಣಿತದ ಮೇಷ್ಟ್ರಿಗೆ ಲೆಕ್ಕ ಹೇಳಬೇಕೇ? ಒಂದು ಹೆಸರಿಗೆ ಆರು ಸೆಕೆಂಡ್ ಎಂದರೂ 600 ಮಕ್ಕಳಿಗೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ನಿಮ್ಮದು ಆರು ಸೆಕೆಂಡ್. ಸಾಮಾನ್ಯವಾಗಿ ಕೊನೆಯ ಹೆಸರಿನ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕರೆಯುತ್ತಾರೆ, ಆದ್ದರಿಂದ ನಿಮ್ಮ ಊರಿನ ಹೆಸರಿನ ಮೊದಲ ಅಕ್ಷರವನ್ನು ನೋಡಿ ಎಷ್ಟು ಹೊತ್ತಿಗೆ ಬಂದೀತೆಂದು ಅಂದಾಜು ಮಾಡಬಹುದು. ಅದಕ್ಕೆ ಹತ್ತು ನಿಮಿಷ ಮುಂಚೆ ನೀರು ಕುಡಿಯಲೆಂದು ಯಾರೂ ಏಳಬೇಡಿ. ಉಚ್ಚಾರಣೆಯ ಬಗ್ಗೆ ನಿಮಗಿರುವ ಕಳವಳ ನನಗೂ ಇತ್ತು. ಬಹಳ ಶಾಲೆಗಳು ಮುಂಚಿತವಾಗಿಯೇ ಮಕ್ಕಳಿಂದ, ಹೆಸರನ್ನು ಹೇಗೆ ಹೇಳಬೇಕೆಂದು ಬಿಡಿಸಿ ಬರೆದ ಚೀಟಿಯನ್ನೋ ಧ್ವನಿಮುದ್ರಿಕೆಯನ್ನೋ ಪಡೆಯುತ್ತವೆ. ನಮ್ಮ ಮಗ ಅದನ್ನು ಉದಾಸೀನ ಮಾಡಿದ, ಅಂದು ಅವನ ಹೆಸರು ಗುರುತು ಸಿಗದಂತೆ ಕೇಳಿಸಿತು, ಊರಿನಿಂದ ಬಂದಿದ್ದ ನನ್ನ ಅಪ್ಪ, "ಈಗ ಕರೆದದ್ದು ಇವನನ್ನೇ ಏನಮ್ಮ?" ಎಂದು ಕೇಳುವಷ್ಟರಲ್ಲಿ ಅವನು ವೇದಿಕೆಯಿಂದ ಇಳಿದಾಗಿತ್ತು. ಆ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ. ನೀವು ದಯವಿಟ್ಟು ಈ ಒಂದು ಕೆಲಸವನ್ನು ತಪ್ಪಿಸಬೇಡಿ.

ಚಪ್ಪಾಳೆಯ ವಿಷಯದಲ್ಲಿ ಶಾಲೆ ಹೇಳಿದಂತೆ ನಡೆಯಿರಿ. ಎಲ್ಲ ಹೆಸರೂ ಮುಗಿಯುವವರೆಗೆ ಸದ್ದು ಮಾಡಬಾರದೆಂದು ಕೆಲವು ಕಡೆ ಕೇಳಿಕೊಳ್ಳುತ್ತಾರೆ. ನಮ್ಮ ಮಗುವಿಗೆಂದು ನಾವು ಕೂಗಿದರೆ ಮುಂದಿನ ಮಗುವಿನ ಹೆಸರು ಅದರ ತಾತನಿಗೆ ಕೇಳಿಸುವುದಿಲ್ಲ. ನನಗೆ ಈ ನಿಯಮ ನ್ಯಾಯವೆಂದೇ ತೋರುತ್ತದೆ. ವೇದಿಕೆಯಲ್ಲಿ ಕೈಗೆ ಕೊಡುವುದು ಬಹುಮಟ್ಟಿಗೆ ಬರಿಯ ಹೊದಿಕೆ, ಪ್ರಮಾಣಪತ್ರ ಆಮೇಲೆ ಸಿಗುತ್ತದೆ. ಒಳಗೆ ಖಾಲಿ ಕಂಡರೆ ಗಾಬರಿ ಬೇಡ. ಕೊನೆಯಲ್ಲಿ ಮಕ್ಕಳೆಲ್ಲ ಟೋಪಿಯಿಂದ ಇಳಿಬಿದ್ದ ಕುಚ್ಚನ್ನು ಬಲದಿಂದ ಎಡಕ್ಕೆ ಸರಿಸುತ್ತಾರೆ. ಹೈಸ್ಕೂಲ್ ಮುಗಿಯಿತೆನ್ನುವುದಕ್ಕೆ ಅದೇ ಗುರುತು. ಅದಾದ ಮೇಲೆ ಟೋಪಿಗಳನ್ನು ಮೇಲಕ್ಕೆ ಎಸೆಯುತ್ತಾರೆ. 1912ರಲ್ಲಿ ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಅಧಿಕಾರಿಗಳ ಹೊಸ ಟೋಪಿ ಸಿಕ್ಕಿದವರು ವಿದ್ಯಾರ್ಥಿ ಟೋಪಿ ಇನ್ನು ಬೇಡವೆಂದು ಎಸೆದದ್ದು ಇದಕ್ಕೆ ಮೂಲ. ಕಾಣಿಕೆಯಂತೆ ಜೋಪಾನ ಮಾಡಬೇಕಾದ್ದನ್ನು ಎಸೆದರಲ್ಲ ಎಂದು ನನ್ನ ಅಪ್ಪ ನೊಂದುಕೊಂಡಿದ್ದರು, ಅದಕ್ಕೇ ಬರೆದೆ.


ಉತ್ತರ: ಹಾಸನದ ಚಿಕ್ಕಪ್ಪ

ಸರ್, ಹೋಗಲಾಗದೆ ಮನೆಯಿಂದಲೇ ನೋಡಿದವನ ಅನುಭವವೂ ನಿಮಗೆ ಉಪಯೋಗವಾಗಬಹುದು. 2023ರಲ್ಲಿ ನನ್ನ ಅಣ್ಣನ ಮಗ ಡಲ್ಲಾಸ್ ಕಡೆಯ ಶಾಲೆಯಿಂದಲೇ ಪದವಿ ಪಡೆದ. ಅಮ್ಮನಿಗೆ ವೀಸಾ ಸಂದರ್ಶನದ ದಿನಾಂಕ ಸಮಯಕ್ಕೆ ಸಿಗಲಿಲ್ಲ. ಶಾಲೆಯವರು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತಾರೆಂದು ಅಣ್ಣ ಕೊಂಡಿ ಕಳುಹಿಸಿದ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಹತ್ತೂವರೆ ಗಂಟೆಯ ಅಂತರ; ಅಲ್ಲಿ ಶುಕ್ರವಾರ ಸಂಜೆ ಏಳು ಎಂದರೆ ನಮಗೆ ಶನಿವಾರ ಬೆಳಗಿನ ಐದೂವರೆ. ಅಮ್ಮ ನಾಲ್ಕಕ್ಕೇ ಎದ್ದು ತಲೆಗೆ ಸ್ನಾನ ಮಾಡಿ, ಹಬ್ಬದ ಸೀರೆಯುಟ್ಟು, ಟಿ.ವಿ.ಯ ಎದುರು ಕುರ್ಚಿ ಹಾಕಿಕೊಂಡು ಕುಳಿತರು. ಪಕ್ಕದ ಮನೆಯವರೂ ಬಂದರು, ಎಲ್ಲರಿಗೂ ಕಾಫಿಯಾಯಿತು.

ಹೆಸರು ಕರೆಯಲು ಆರಂಭಿಸಿ ಅರ್ಧ ಪಟ್ಟಿ ಮುಗಿದಿತ್ತು, ಮುಂಗಾರುಪೂರ್ವದ ಮಳೆ ಗುಡುಗಿನೊಂದಿಗೆ ಬಂತು, ಕರೆಂಟ್ ಹೋಯಿತು. ಮೊಬೈಲಿನಲ್ಲಿ ಹಿಡಿಯಲು ಹೋದರೆ ಚಿತ್ರ ನಿಂತು ನಿಂತು ಬರುತ್ತಿತ್ತು; ಅದು ಸರಿಹೋಗುವಷ್ಟರಲ್ಲಿ ನಮ್ಮ ಅಕ್ಷರ ದಾಟಿಹೋಗಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ಎಂಟೂವರೆಗೆ ಕರೆಂಟ್ ಬಂದ ಮೇಲೆ ದಾಖಲಾದ ಪ್ರಸಾರವನ್ನು ಹಿಂದಕ್ಕೆ ತಿರುಗಿಸಿ, ಹುಡುಗ ವೇದಿಕೆಗೆ ಬಂದ ಕ್ಷಣದಲ್ಲಿ ನಿಲ್ಲಿಸಿದೆವು. ಅವರು ಎದ್ದುಹೋಗಿ ಉಪ್ಪು, ಮೆಣಸಿನಕಾಯಿ ತಂದು ಟಿ.ವಿ.ಯಲ್ಲಿದ್ದ ಮೊಮ್ಮಗನಿಗೆ ಮೂರು ಸಲ ನಿವಾಳಿಸಿದರು. ಸ್ವಲ್ಪ ಹೊತ್ತಿಗೆ ಹುಡುಗ ಫೋನ್ ಮಾಡಿ ಮೊದಲು ಕೇಳಿದ್ದು, "ಅಜ್ಜಿ ನೋಡಿದರಾ?" ಎಂದು.

ಮನೆಯಿಂದ ನೋಡುವವರು ಲ್ಯಾಪ್‌ಟಾಪನ್ನು ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ, ಯು.ಪಿ.ಎಸ್. ಇದ್ದರೆ ವೈಫೈ ಪೆಟ್ಟಿಗೆಯನ್ನೂ ಅದಕ್ಕೇ ಜೋಡಿಸಿ. ಆದರೆ ನಿಮಗೆ ಹೋಗಲು ಶಕ್ತಿ ಇದೆ, ಅವಕಾಶವಿದೆ. ಹೋಗಿಬನ್ನಿ ಸರ್.


ಉತ್ತರ: ಕಡೂರು ಶಿಕ್ಷಕಿ

ಗುರುಗಳೇ, ನೀವು ಸಂಕಟವೆಂದು ಬರೆದ ಸಾಲನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ನಾನು ಕಡೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದೇನೆ. ಕಳೆದ ವರ್ಷದ ಬೀಳ್ಕೊಡುಗೆಗೆ ನಾವು ಮೊದಲ ಬಾರಿ ಪೋಷಕರನ್ನೂ ಕರೆದೆವು. 42 ಮಕ್ಕಳು, ಶಾಮಿಯಾನದವರಿಂದ ಕುರ್ಚಿ ತರಿಸಿ, ಒಂದೊಂದು ಮಗುವನ್ನೂ ತಾಯಿಯ ಹೆಸರು, ತಂದೆಯ ಹೆಸರು ಸೇರಿಸಿ ವೇದಿಕೆಗೆ ಕರೆದು ಪ್ರವೇಶಪತ್ರ ಕೊಟ್ಟೆವು. ಅಡಿಕೆ ಸುಲಿಯುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಒಬ್ಬ ತಾಯಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಮಗಳ ಹೆಸರಿನೊಂದಿಗೆ ತಮ್ಮ ಹೆಸರೂ ಮೈಕಿನಲ್ಲಿ ಕೇಳಿದ್ದೇ ತಡ, ತಮ್ಮನ್ನೇ ಕರೆದರೆಂದು ತಿಳಿದು ಎದ್ದು ನಿಂತುಬಿಟ್ಟರು. ಕೂರಿ ಎಂದು ಯಾರೂ ಹೇಳಲಿಲ್ಲ. ಮುಂದಿನ ಮಗುವಿನ ಹೆಸರು ಕರೆದಾಗ ಆ ಮಗುವಿನ ಅಪ್ಪನೂ ಎದ್ದು ನಿಂತರು. ಕೊನೆಯ ಹೆಸರಿನವರೆಗೂ ಹಾಗೆಯೇ ನಡೆಯಿತು.

ಫಲಿತಾಂಶದ ನಂತರವೂ ಹೀಗೊಂದು ದಿನ ಇಟ್ಟುಕೊಂಡರೆ ಟಿ.ಸಿ. ಕೊಡುವ ಕೆಲಸವೂ ಅಂದೇ ಮುಗಿಯುತ್ತದೆಂದು ಸಹೋದ್ಯೋಗಿಗಳಲ್ಲಿ ಹೇಳಿದ್ದೇನೆ. ಮತ್ತೆ ಪರೀಕ್ಷೆ ಬರೆಯಬೇಕಾದ ಮಕ್ಕಳ ಮನಸ್ಸಿಗೆ ನೋವಾಗದಂತೆ ಅದನ್ನು ಮಾಡುವುದು ಹೇಗೆ ಎಂಬುದೊಂದೇ ಇನ್ನೂ ಬಗೆಹರಿದಿಲ್ಲ. ನೀವು ಹಿಂದಿರುಗಿದ ಮೇಲೆ ಅಲ್ಲಿ ಕಂಡದ್ದನ್ನು ವಿವರವಾಗಿ ಬರೆಯಿರಿ, ನಮಗೆ ಬೇಕು.


ಪ್ರಶ್ನೆ ಕೇಳಿದವರ ಮರುಉತ್ತರ: ಹಾಸನದ ಗಣಿತ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ನಾವಿಬ್ಬರೂ ಹೊರಡುವುದೆಂದು ನಿಶ್ಚಯವಾಯಿತು. ಕಾರ್ಯಕ್ರಮ ಒಳಾಂಗಣದಲ್ಲಿ ನಡೆಯುತ್ತದೆಂದು ಮಗ ವಿಚಾರಿಸಿ ತಿಳಿಸಿದ್ದಾನೆ. ಮೆಟ್ಟಿಲಿಲ್ಲದ ಆಸನಕ್ಕೆ ಶಾಲೆಗೆ ಬರೆದಿದ್ದಾನೆ. ಮೊಮ್ಮಗಳ ಸ್ನೇಹಿತೆಯ ಮನೆಯವರು ಒಂದು ಟಿಕೆಟ್ ಬಿಟ್ಟುಕೊಡಲು ಒಪ್ಪಿದ್ದಾರೆ. ಪೇಟ ಮತ್ತು ಶಾಲನ್ನು ಮನೆಯಲ್ಲಿಯೇ ಮಾಡುತ್ತೇವೆ. ಕಡೂರಿನ ಮೇಡಂ ಅವರೇ, ಮತ್ತೆ ಪರೀಕ್ಷೆ ಬರೆಯುವ ಮಕ್ಕಳ ವಿಷಯದಲ್ಲಿ ನನಗೊಂದು ಯೋಚನೆಯಿದೆ. ಆ ಪರೀಕ್ಷೆಯ ಫಲಿತಾಂಶವೂ ಬಂದ ಮೇಲೆ ದಿನ ಗೊತ್ತುಮಾಡಿದರೆ ಹೆಚ್ಚಿನ ಮಕ್ಕಳು ಒಟ್ಟಿಗೇ ಬರಬಹುದು. ಉಳಿದದ್ದನ್ನು ಬಂದು ಮಾತಾಡೋಣ.

ಹೆಸರಿನ ಧ್ವನಿಮುದ್ರಣವನ್ನು ಶಾಲೆಯವರು ಕೇಳಿದ್ದಾರಂತೆ. ಮೊಮ್ಮಗಳು ಅಲ್ಲೇ ಬೆಳೆದವಳು, ಅವಳ ಬಾಯಲ್ಲೂ ಊರಿನ ಹೆಸರು 'ಹಲ್ಲಿ' ಎಂದೇ ಬರುತ್ತದೆ. ಆದ್ದರಿಂದ ತಾತನೇ ಹೇಳಿ ಕಳುಹಿಸಲಿ ಎಂದಳು. ನಿನ್ನೆ ಬೆಳಿಗ್ಗೆ, ಬೀದಿಯಲ್ಲಿ ಇನ್ನೂ ವಾಹನಗಳ ಸದ್ದು ಏಳುವ ಮೊದಲು, ಕಿಟಕಿ ಮುಚ್ಚಿಕೊಂಡು ಫೋನಿನಲ್ಲಿ ಅವಳ ಹೆಸರನ್ನೂ ನಮ್ಮ ಊರಿನ ಹೆಸರನ್ನೂ ಮೂರು ಸಲ ನಿಧಾನವಾಗಿ ಹೇಳಿದೆ. ಎರಡನೆಯ ಸಲದ್ದು ಸ್ಪಷ್ಟವಾಗಿದೆ ಎಂದು ನನ್ನ ಹೆಂಡತಿ ಹೇಳಿದಳು. ಅದನ್ನೇ ಕಳುಹಿಸಿದ್ದೇವೆ.